ನಮ್ಮ ಮನೆಯಲ್ಲಿ ದಿನವೂ ಶನಿವಾರ

ನನ್ನ ಅಂಗಿ ಸಡಿಲವಾದದ್ದನ್ನು ಮೊದಲು ಕಂಡವನು ನಾನಲ್ಲ, ಊರಿನ ಶಾಲೆಯ ಹೆಡ್‌ಮಾಸ್ತರರು. ಬಂಟ್ವಾಳ ಪೇಟೆಯಲ್ಲಿ ನನ್ನದೊಂದು ಟೈಲರ್ ಅಂಗಡಿ. ಕೋಟಿಗೆ ಅಳತೆ ಕೊಡಲು ಬಂದಿದ್ದ ಅವರು, ನಾನು ಟೇಪು ಹಿಡಿದು ಅವರ ಎದೆಯ ಸುತ್ತಳತೆ ನೋಡುತ್ತಿರುವಾಗ, ನನ್ನ ಕಾಲರಿನೊಳಗೆ ಎರಡು ಬೆರಳು ತೂರಿಸಿ ನಕ್ಕರು.

"ಊರಿಗೆಲ್ಲ ಅಳತೆ ತೆಗೆಯುವವರು ನೀವು. ನಿಮ್ಮ ಅಂಗಿ ಹೊಲಿದದ್ದು ಯಾರು ಮಾರಾಯ್ರೆ?"

ನಾನೂ ನಕ್ಕೆ. ಅವರು ಹೋದ ಮೇಲೆ ಟೇಪನ್ನು ನನ್ನ ಸೊಂಟಕ್ಕೇ ಸುತ್ತಿ ನೋಡಿದೆ. ನಂಬಿಕೆ ಬರಲಿಲ್ಲ. ಟೇಪೇ ಹಿಗ್ಗಿರಬೇಕು ಎಂದು ಅದನ್ನು ಮೇಜಿನ ಮೇಲಿದ್ದ ಮರದ ಅಳತೆಕೋಲಿಗೆ ಹಿಡಿದೆ. ಟೇಪು ಸರಿಯಾಗಿಯೇ ಇತ್ತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ನಲವತ್ತು ತುಂಬಿರಲಿಲ್ಲ. ಈಗ ಈ ಕಾಯಿಲೆಯ ಹೆಸರು ಹೇಳಿದರೆ ಯಾರೂ ಹೆದರುವುದಿಲ್ಲ. ಮದುವೆ ಮನೆಯಲ್ಲಿ 'ನನಗೆ ಶುಗರ್ ಉಂಟು' ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳುವವರಿದ್ದಾರೆ. ಆಗ ನಮ್ಮ ಬೀದಿಯಲ್ಲಿ ಅದು ಯಾರಿಗೂ ಇರಲಿಲ್ಲ, ಅಥವಾ ಇದ್ದವರಿಗೆ ಗೊತ್ತಿರಲಿಲ್ಲ. ಹೊಸದಾಗಿ ಗೊತ್ತಾಗಿ ಕೈಕಾಲು ಬಿಟ್ಟು ಕೂತವರು ಯಾರಾದರೂ ಇದನ್ನು ಓದಿದರೆ, ಇಷ್ಟು ಪೆದ್ದುತನ ಮಾಡಿಯೂ ಒಬ್ಬ ಬದುಕಿ ಉಳಿದಿದ್ದಾನಲ್ಲ ಎಂಬ ಧೈರ್ಯವಾದರೂ ಬರಲಿ ಎಂದು ಬರೆಯುತ್ತಿದ್ದೇನೆ. ನಮ್ಮ ಮನೆಮಾತು ತುಳು. ಬರೆಯಲು ನನಗೆ ಬರುವುದು ಶಾಲೆಯಲ್ಲಿ ಕಲಿತ ಕನ್ನಡ. ಹಾಗಾಗಿ ಮನೆಯವರ ಮಾತನ್ನೂ ಕನ್ನಡಕ್ಕೆ ತಂದಿದ್ದೇನೆ.

ನಾನು ಹುಟ್ಟಿದ್ದು ಮಿಜಾರಿನಲ್ಲಿ, ಗೇಣಿಗೆ ಗದ್ದೆ ಮಾಡುತ್ತಿದ್ದವರ ಮನೆಯಲ್ಲಿ. ಅಪ್ಪ ಬೆಳಿಗ್ಗೆ ಗದ್ದೆಗೆ ಇಳಿದರೆ ಮಧ್ಯಾಹ್ನದವರೆಗೆ ಕೋಣಗಳ ಹಿಂದೆ ನಡೆಯುತ್ತಿದ್ದರು. ಅವರ ಊಟದ ಕಂಚಿನ ಬಟ್ಟಲು ಎಷ್ಟು ದೊಡ್ಡದೆಂದರೆ ಅದರಲ್ಲಿ ಸಣ್ಣ ಮಗುವನ್ನು ಕೂರಿಸಬಹುದಿತ್ತು. ಅಪ್ಪ ತೀರಿಕೊಂಡ ಮೇಲೆ ಗದ್ದೆಯೂ ಕೈಬಿಟ್ಟಿತು. ನಾನು ಹೊಲಿಗೆ ಕಲಿತು ಬಂಟ್ವಾಳಕ್ಕೆ ಬಂದೆ, ಅಮ್ಮ ಜೊತೆಗೆ ಬಂದಳು, ಅಮ್ಮನ ಜೊತೆ ಬಟ್ಟಲೂ ಬಂತು. ದಿನವಿಡೀ ಮಿಷನ್ನಿನ ಮುಂದೆ ಕೂತು ಪಾದ ಮಾತ್ರ ಆಡಿಸುವ ನಾನು, ಉಳುಮೆ ಮಾಡುತ್ತಿದ್ದ ಅಪ್ಪನ ಬಟ್ಟಲಿನಲ್ಲಿ, ಅಪ್ಪ ಉಣ್ಣುತ್ತಿದ್ದಷ್ಟೇ ಕುಚ್ಚಲಕ್ಕಿ ಅನ್ನ ಉಣ್ಣುತ್ತಿದ್ದೆ. ಮೈ ತುಂಬಿಕೊಂಡಿತು. "ಪೇಟೆಯ ನೀರು ಹಿಡಿದಿದೆ" ಎಂದು ನೆಂಟರೆಲ್ಲ ಮೆಚ್ಚಿದರು. ಮೂಡುಬಿದಿರೆಯ ನನ್ನ ಮಾವನವರಂತೂ ನನ್ನ ಹೊಟ್ಟೆ ನೋಡಿಯೇ ಹೆಣ್ಣು ಕೊಟ್ಟದ್ದು ಎಂದು ನನ್ನ ಹೆಂಡತಿ ಕಮಲ ಈಗಲೂ ತಮಾಷೆ ಮಾಡುತ್ತಾಳೆ.

ಅಮ್ಮನಿಗೆ ಒಂದು ಪದ ಬಾಯಿಗೆ ಬರುತ್ತಿರಲಿಲ್ಲ. 'ಸಾಕು' ಎನ್ನುವುದು. ಯುದ್ಧದ ಕಾಲದಲ್ಲಿ ಅಕ್ಕಿ ರೇಷನ್ ಆದಾಗ ನಮಗೆ ಗಂಜಿಯ ತಿಳಿ ಕುಡಿಸಿ ಮಲಗಿಸಿದವಳು ಅವಳು. ಆ ಮೇಲೆ ಬಡಿಸುವ ಸಟ್ಟುಗ ಹಿಡಿದು ನಿಂತಾಗ ಯಾರಿಗೂ ಸಾಕು ಎಂದವಳಲ್ಲ, ಯಾರಾದರೂ ಸಾಕು ಎಂದರೆ ಕಿವಿಗೆ ಹಾಕಿಕೊಂಡವಳೂ ಅಲ್ಲ. "ಇನ್ನು ಸ್ವಲ್ಪ, ಮಗಾ" ಎನ್ನುತ್ತಿದ್ದಳು. ಆ ಸ್ವಲ್ಪಕ್ಕೆ ಅಳತೆ ಇರಲಿಲ್ಲ.

ಅಂಥ ಮೈ ಇಳಿಯತೊಡಗಿತು. ಬಾಯಿ ಒಣಗುತ್ತಿತ್ತು. ಕೊಡಗಟ್ಟಲೆ ನೀರು ಕುಡಿದರೂ ದಾಹ ಹೋಗದು, ಕುಡಿದದ್ದೆಲ್ಲ ಹೊರಗೆ ಹೋಗಲು ಮತ್ತೆ ಮತ್ತೆ ಏಳಬೇಕು. ಪೇಟೆಯಲ್ಲಿ ಆಗ ಇಳಿದು ಹೋಗುವವರಿಗೆಲ್ಲ ಒಂದೇ ಹೆಸರು: ಕ್ಷಯ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹರಟುತ್ತಿದ್ದವರು ನಿಂತೇ ಮಾತಾಡಿಸಿ ಹೋಗತೊಡಗಿದರು. ಒಂದು ದಿನ ನನ್ನ ಲೋಟವನ್ನು ಕಮಲ ಮಕ್ಕಳ ಲೋಟಗಳಿಂದ ದೂರ, ಬೇರೆ ಹಲಗೆಯ ಮೇಲೆ ಕವುಚಿಟ್ಟದ್ದನ್ನು ಕಂಡೆ. ನಾನು ಕಂಡದ್ದನ್ನು ಅವಳೂ ಕಂಡಳು. ಅವಳ ಮೇಲೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು.

ಅಮ್ಮ ಮಾತ್ರ ತನಗೆ ತಿಳಿದ ಮದ್ದು ಶುರು ಮಾಡಿದಳು. ಇಳಿದ ಮೈಗೆ ಮೆಂತೆ ಗಂಜಿ: ಮೆಂತೆ, ಅಕ್ಕಿ, ದಪ್ಪ ತೆಂಗಿನಹಾಲು, ಕೈತುಂಬ ಬೆಲ್ಲ. ಬಾಣಂತಿಗೆ ಕೊಡುವ ಹಾಗೆ ಬೆಳಿಗ್ಗೆಯೂ ಸಂಜೆಯೂ ಕೊಟ್ಟಳು. ಕುಡಿದಷ್ಟೂ ಇಳಿದೆ, ಇಳಿದಷ್ಟೂ ಕುಡಿಸಿದಳು.

ಕೊನೆಗೆ ಕಮಲ ಹಠ ಹಿಡಿದು ಪೇಟೆಯ ಡಾಕ್ಟರ ಬಳಿ ಎಬ್ಬಿಸಿಕೊಂಡು ಹೋದಳು. ಅಲ್ಲಿಯ ಬೆಂಚಿನಲ್ಲಿ ಕೂತು ನಾನು ಕೆಮ್ಮು ಬರದಂತೆ ಗಂಟಲು ಬಿಗಿಹಿಡಿದಿದ್ದೆ. ನಿಜವಾಗಿ ನನಗೆ ಕೆಮ್ಮೇ ಇರಲಿಲ್ಲ. ಆದರೂ ಎಲ್ಲಿ ಬಂದುಬಿಡುತ್ತದೋ ಎಂಬ ಭಯ. ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ ಹಾಕಿ, ಅದಕ್ಕೆ ನನ್ನ ಮೂತ್ರದ ಕೆಲವು ಹನಿ ಬಿಟ್ಟು, ದೀಪದ ಮೇಲೆ ಹಿಡಿದರು. ನೋಡುತ್ತಿದ್ದ ಹಾಗೆ ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಮಾಡಿನ ಹಂಚಿನ ಕೆಂಪಿಗೆ ಬಂದು ನಿಂತಿತು.

"ಸಿಹಿಮೂತ್ರ, ಟೈಲರ್ರೇ" ಎಂದರು.

"ಕ್ಷಯ ಅಲ್ವಾ?" ಎಂದಳು ಕಮಲ.

"ಅಲ್ಲ."

ಕಮಲ ಅಲ್ಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮನೆಗೆ ಬಂದವಳೇ ನನ್ನ ಲೋಟವನ್ನು ಮಕ್ಕಳ ಲೋಟಗಳ ಜೊತೆ ಸೇರಿಸಿದಳು. ಕ್ಷಯ ಅಲ್ಲವೆಂದು ಕೇಳಿದ ಅಮ್ಮ ದೇವರಿಗೆ ಹೇಳಿಕೊಂಡಿದ್ದ ಹರಕೆಯ ಪಾಯಸ ಮಾಡಿದಳು. ಸಿಹಿಮೂತ್ರ ಬಂದ ಸಂತೋಷಕ್ಕೆ ಪಾಯಸ ಉಂಡವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಆದರೆ ಉಣ್ಣುತ್ತಾ ಉಣ್ಣುತ್ತಾ ನನಗೆ ಬೆಳ್ತಂಗಡಿಯ ಚಿಕ್ಕಪ್ಪನ ನೆನಪಾಯಿತು. ಅಪ್ಪನ ತಮ್ಮ, ಕೊನೆಗಾಲಕ್ಕೆ ಮಿಜಾರಿನ ನಮ್ಮ ಮನೆಗೇ ಬಂದಿದ್ದವರು. ಚಾವಡಿಯಲ್ಲಿ ಮಣೆಯ ಮೇಲೆ ಒಂದು ಕಾಲು ಚಾಚಿ ಕೂತಿರುತ್ತಿದ್ದರು. ಇನ್ನೊಂದು ಕಾಲಿನ ಜಾಗದಲ್ಲಿ ಪಂಚೆ ಮಡಚಿ ಸಿಕ್ಕಿಸಿರುತ್ತಿತ್ತು. ಕಾಲು ಏನಾಯಿತೆಂದು ಕೇಳಿದರೆ ದೊಡ್ಡವರು "ಕೊಳೆತು ಹೋಯಿತು" ಎನ್ನುತ್ತಿದ್ದರು. ಅವರೂ ಕೊಡಗಟ್ಟಲೆ ನೀರು ಕುಡಿಯುತ್ತಿದ್ದರು ಎಂದು ಆಗ ನೆನಪಾಯಿತು. ಟೈಲರನಿಗೆ ಕಾಲು ಹೋದರೆ ಕೈಗೂ ಕೆಲಸವಿಲ್ಲ. ನಾನು ಮಿಷನ್ನಿನ ಕೆಳಗೆ ಪಾದ ಇಡುವ ಆ ಕಬ್ಬಿಣದ ಹಲಗೆಯನ್ನು ಮರುದಿನ ಹೊಸದಾಗಿ ನೋಡಿದ ಹಾಗೆ ನೋಡಿದೆ.

ಡಾಕ್ಟರು ಮಾತ್ರೆ ಕೊಟ್ಟು ಹೇಳಿದ್ದು ಇಷ್ಟು: ಸಕ್ಕರೆ, ಬೆಲ್ಲ, ಪಾಯಸ ಬೇಡ. ಮಧ್ಯಾಹ್ನ ಅನ್ನ ಕಡಿಮೆ. ರಾತ್ರಿ ಅನ್ನ ಬೇಡವೇ ಬೇಡ, ಬೇರೆ ಏನಾದರೂ ಸ್ವಲ್ಪ ತಿಂದು ಮಲಗಿ.

ಅನ್ನ ಬಿಡುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಶನಿವಾರ ನಮ್ಮಲ್ಲಿ ಒಪ್ಪತ್ತು. ಮಧ್ಯಾಹ್ನ ಒಂದೇ ಹೊತ್ತು ಊಟ, ರಾತ್ರಿ ಅನ್ನ ಮುಟ್ಟುವುದಿಲ್ಲ, ಫಲಾಹಾರ ಮಾತ್ರ. ಫಲಾಹಾರವೆಂದರೆ ಹಣ್ಣು ಎಂದು ತಿಳಿಯಬಾರದು. ನೀರುದೋಸೆ, ಪುಂಡಿ ಎಂಬ ಉಂಡೆಕಡುಬು, ಶಾವಿಗೆ, ಒಗ್ಗರಣೆ ಅವಲಕ್ಕಿ. ಅದನ್ನು ಹೊಟ್ಟೆ ತುಂಬ ತಿಂದು "ಇವತ್ತು ಊಟ ಇಲ್ಲ, ಒಪ್ಪತ್ತು" ಎಂದು ಬಂದವರಿಗೆ ಹೇಳುವುದು, ಅವರು "ಓಹೋ, ಕಷ್ಟ ಅಲ್ವಾ" ಎನ್ನುವುದು, ಎಲ್ಲ ರೂಢಿಯೇ.

"ಅಷ್ಟೇ ಅಲ್ವಾ?" ಎಂದಳು ಅಮ್ಮ. "ವಾರಕ್ಕೊಂದು ಶನಿವಾರ ಮಾಡುವ ಬದಲು ದಿನಾ ಮಾಡುವ. ಶನಿದೇವರ ಕಾಟ ಇದ್ದರೆ ಅದೂ ಕಳೀತದೆ."

ಹೀಗೆ ನಮ್ಮ ಮನೆಯಲ್ಲಿ ದಿನವೂ ಶನಿವಾರವಾಯಿತು. ಸಂಜೆಯಾದರೆ ಕಮಲ ಬೆಳ್ತಿಗೆ ಅಕ್ಕಿ ಅರೆಯಲು ಕೂರುವಳು. ಮನೆಯವರೆಲ್ಲ ಅನ್ನ, ಮೀನಿನ ಸಾರು ಉಣ್ಣುವಾಗ ನನಗೆ ಬೇರೆ ಮಣೆ, ಬೇರೆ ಎಲೆ. ಒಂದು ರಾತ್ರಿ ನೀರುದೋಸೆ, ಇನ್ನೊಂದು ರಾತ್ರಿ ಪುಂಡಿ, ಜೊತೆಗೆ ತೆಂಗಿನಕಾಯಿ ಚಟ್ನಿ. ಅನ್ನವಿಲ್ಲದ ಮಗನ ಮೇಲೆ ಅಮ್ಮನಿಗೆ ಎಲ್ಲಿಲ್ಲದ ಮರುಕ. "ಅನ್ನ ಇಲ್ಲದೆ ಬದುಕ್ತಾ ಉಂಟು ಪಾಪ" ಎಂದು ಇನ್ನೆರಡು ದೋಸೆ ಹಾಕುವಳು. ನಾನೂ ದೊಡ್ಡ ವ್ರತಸ್ಥನ ಗಾಂಭೀರ್ಯದಿಂದ ತಿನ್ನುತ್ತಿದ್ದೆ.

ಬಣ್ಣ ನೋಡುವುದನ್ನು ಡಾಕ್ಟರು ನನಗೇ ಕಲಿಸಿಕೊಟ್ಟಿದ್ದರು. ಆ ಕೆಲಸ ಮನೆಯ ಒಲೆಯಲ್ಲಿ ಬೇಡ ಎಂದು ಕಮಲ ಮೂಗು ಮುಚ್ಚಿದ್ದರಿಂದ ಅಂಗಡಿಯ ಹಿಂದಿನ ಜಗಲಿಯಲ್ಲಿ ಮಾಡುತ್ತಿದ್ದೆ. ಇಸ್ತ್ರಿಪೆಟ್ಟಿಗೆಯ ಮುಚ್ಚಳ ತೆಗೆದು, ಕೆಂಡದ ಮೇಲೆ ನೀರಿನ ಡಬ್ಬಿ ಇಟ್ಟು, ಕುದಿಯುವ ನೀರಿನಲ್ಲಿ ನಳಿಗೆ ನಿಲ್ಲಿಸಿ ಕಾಯುತ್ತಿದ್ದೆ. ರವಿಕೆಗೆ ನೂಲು ಹೊಂದಿಸಿ ಪಳಗಿದ ಕಣ್ಣು ನನ್ನದು, ಮೋಸ ಹೋಗುವ ಹಾಗಿಲ್ಲ. ನೀಲಿ ನಿಂತರೆ ಕ್ಷೇಮ. ಹಸಿರಾದರೆ ಪರವಾಗಿಲ್ಲ. ಅದು ಹಸಿರಿನಲ್ಲಿ ನಿಲ್ಲಲಿ ಎಂದು ದೇವರ ಹೆಸರು ಹೇಳುತ್ತಿದ್ದ ಹಾಗೆಯೇ ಹಳದಿಗೆ ತಿರುಗಿ, ಹಂಚಿನ ಕೆಂಪಾಗುತ್ತಿತ್ತು. ಆ ಬಣ್ಣದ ಬಟ್ಟೆ ಹೊಲಿಯಲು ಬಂದರೆ ರಾಶಿಯ ಅಡಿಗೆ ತುರುಕುತ್ತಿದ್ದೆ.

"ಎಂತ ವಾಸಣ್ಣ, ಬಟ್ಟೆಗೆ ಬಣ್ಣ ಹಾಕುವ ಕಸುಬೂ ಶುರು ಮಾಡಿದಿರಾ?" ಎಂದು ಪಕ್ಕದ ಅಂಗಡಿಯವರು ಇಣುಕಿದರೆ ನಳಿಗೆಯನ್ನು ಬೆನ್ನ ಹಿಂದೆ ಮುಚ್ಚಿಡುತ್ತಿದ್ದೆ.

ತಿಂಗಳುಗಳು ಕಳೆದರೂ ಬಣ್ಣ ಬದಲಾಗಲಿಲ್ಲ. ಡಾಕ್ಟರಿಗೆ ನನ್ನ ಮೇಲೆ ಅನುಮಾನ ಬಂತು.

"ಟೈಲರ್ರೇ, ನನ್ನ ಹತ್ತಿರ ಸುಳ್ಳು ಹೇಳಿ ನಿಮಗೆ ಎಂತ ಸಿಗ್ತದೆ? ಎಲ್ಲಿಯೋ ಸಿಹಿ ತಿಂತಾ ಇದ್ದೀರಿ ನೀವು."

"ದೇವರಾಣೆ ಇಲ್ಲ ಡಾಕ್ಟ್ರೇ. ಅನ್ನದ ಒಂದು ಅಗುಳು ರಾತ್ರಿ ಮುಟ್ಟುದಿಲ್ಲ."

ಅವರು ನಂಬಲಿಲ್ಲ. ಮನೆಯಲ್ಲಿ ಕಮಲ ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೆ ಸಾಗಿಸಿದಳು. ನಾನು ಹೋಟೆಲಿನ ಮುಂದೆ ನಿಂತು ಯಾರೊಡನೆಯೋ ಮಾತಾಡಿದರೆ ಮಕ್ಕಳು ಹೋಗಿ ವರದಿ ಕೊಡುತ್ತಿದ್ದರು. ಕದಿಯದೆ ಕಳ್ಳನಾದ ನನಗೆ ಅಳು ಬರುವಷ್ಟು ಅವಮಾನವಾಗುತ್ತಿತ್ತು. ಅದಕ್ಕಿಂತ ಹೆಚ್ಚು ಭಯ. ಹೇಳಿದ್ದನ್ನೆಲ್ಲ ಮಾಡಿಯೂ ಕೆಂಪೇ ಬರುತ್ತದೆಂದರೆ ನನ್ನ ಮೈಯೊಳಗೆ ಏನೋ ಕೈಮೀರಿದೆ ಎಂದೇ ಅರ್ಥ ಅಲ್ಲವೇ?

ಒಂದು ಮಧ್ಯಾಹ್ನ ಕಮಲ ಅಂಗಡಿಗೆ ಚಹಾ ತಂದವಳು ನಿಂತಲ್ಲೇ ನಿಂತಳು.

"ಇವರೇ, ಕಾಲಿನ ಕೆಳಗೆ ಅದೆಂತ ಕೆಂಪು?"

ಬಗ್ಗಿ ನೋಡಿದೆ. ಮಿಷನ್ನಿನ ಹಲಗೆಯ ಮೇಲೆ ರಕ್ತ. ಪಾದ ಎತ್ತಿದರೆ ಕಿರುಬೆರಳಿನ ಬುಡದಲ್ಲಿ ಮುರಿದ ಸೂಜಿಯ ತುಂಡು ನೆಟ್ಟುಕೊಂಡಿತ್ತು. ಬೆಳಿಗ್ಗೆ ಮುರಿದ ಸೂಜಿ. ಅಂದರೆ ಬೆಳಿಗ್ಗೆಯಿಂದ ಅದನ್ನು ತುಳಿದುಕೊಂಡೇ ಹೊಲಿದಿದ್ದೆ. ನೋವು ಒಂದಿಷ್ಟೂ ಇರಲಿಲ್ಲ. ಕಮಲ ಸೂಜಿ ಎಳೆದಾಗಲೂ ಇರಲಿಲ್ಲ. ಕಾಲು ನನ್ನದಲ್ಲ, ಬೇರೆ ಯಾರದ್ದೋ ಎಂಬ ಹಾಗೆ ನೋಡುತ್ತಾ ಕೂತೆ.

ಗಾಯ ಮಾಗಲಿಲ್ಲ. ಅರಸಿನ ಹಾಕಿದೆವು, ಡಾಕ್ಟರ ಮುಲಾಮು ಹಚ್ಚಿದೆವು. ಸುತ್ತ ಕಪ್ಪಾಗುತ್ತಾ ಬಂತು. ಪಕ್ಕದ ಬೆರಳಿಗೂ ಹಬ್ಬಿತು. ಬಟ್ಟೆ ಬಿಚ್ಚುವಾಗ ಕಮಲ ಉಸಿರು ಬಿಗಿಹಿಡಿಯುವುದು ನನಗೆ ತಿಳಿಯುತ್ತಿತ್ತು. ಅಮ್ಮ ಕಾಲಿನ ಕಡೆ ನೋಡುವುದನ್ನೇ ಬಿಟ್ಟಳು. ಡಾಕ್ಟರು ಒಂದು ದಿನ ಗಾಯವನ್ನು ಬಹಳ ಹೊತ್ತು ನೋಡಿ, "ಮಂಗಳೂರಿಗೆ ಹೋಗಿ, ಟೈಲರ್ರೇ. ಇನ್ನು ತಡ ಮಾಡುವುದು ಬೇಡ" ಎಂದರು. ಅವರ ದನಿಯಲ್ಲಿ ಅನುಮಾನ ಹೋಗಿ ಕನಿಕರ ಬಂದಿತ್ತು. ಅನುಮಾನವೇ ವಾಸಿ ಎನಿಸಿತು ನನಗೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಜನರ ಕಾಲುಗಳನ್ನೇ ನೋಡಿದೆ. ಫರಂಗಿಪೇಟೆಯಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸರು ಹತ್ತಿದರು. ಒಬ್ಬೊಬ್ಬರ ಪಾದಗಳೂ ಒಡೆದು, ಕೆಸರು ಮೆತ್ತಿ, ಎಷ್ಟು ಗಟ್ಟಿಯಾಗಿದ್ದವು! ಚಪ್ಪಲಿ ಇಲ್ಲದ ಆ ಕಾಲುಗಳನ್ನು ಕಂಡು ಹೊಟ್ಟೆಕಿಚ್ಚಾಯಿತು.

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ವಯಸ್ಸಾದ ಬ್ಯಾರಿ ವ್ಯಾಪಾರಿಯೊಬ್ಬರು ಕೂತಿದ್ದರು. ನನ್ನ ಕಟ್ಟು ನೋಡಿ, "ನಿಮ್ಮದು ಬಲದ್ದಾ?" ಎಂದು ಕೇಳಿದರು.

"ಹೌದು."

"ನನ್ನದು ಎಡದ್ದು. ಬಲದ್ದು ಹೋದ ವರ್ಷ ಕೊಟ್ಟಾಯ್ತು" ಎಂದು ಲುಂಗಿ ಸ್ವಲ್ಪ ಸರಿಸಿದರು. ನನ್ನ ಮುಖ ನೋಡಿ ಅವರಿಗೇ ಪಾಪ ಎನಿಸಿರಬೇಕು. "ಹೆದರಬೇಡಿ ಮಾರಾಯ್ರೆ. ನೀವು ಬೇಗ ಬಂದಿದ್ದೀರಿ, ನಾನು ತಡ ಮಾಡಿದೆ" ಎಂದು ನನ್ನ ಮೊಣಕಾಲು ತಟ್ಟಿದರು. ಹೆಸರು ಕೇಳಲಿಲ್ಲ, ಆ ಮೇಲೆ ಅವರನ್ನು ಕಾಣಲೂ ಇಲ್ಲ. ಆ ತಟ್ಟಿದ ಕೈಯನ್ನು ಮಾತ್ರ ಮರೆತಿಲ್ಲ.

ಅಲ್ಲಿಯ ಡಾಕ್ಟರು ನೇರ ಮನುಷ್ಯ. ಗಾಯ ನೋಡಿ, ಬಣ್ಣ ನೋಡಿ ಹೇಳಿದರು: "ಇಷ್ಟು ಸಕ್ಕರೆ ಇಟ್ಟುಕೊಂಡು ಕತ್ತಿ ಹಾಕಿದರೆ ಗಾಯ ಕೂಡುವುದಿಲ್ಲ. ಮೊದಲು ಇದು ಇಳಿಯಬೇಕು. ಇಳಿದರೆ ಎರಡು ಬೆರಳು ತೆಗೀತೇನೆ, ಪಾದ ಉಳೀತದೆ. ಇಳಿಯದಿದ್ದರೆ ಮೊಣಕಾಲಿನ ಕೆಳಗೆ. ಕಾಯಲಿಕ್ಕೆ ಹೆಚ್ಚು ದಿನ ಇಲ್ಲ."

ಇನ್ಸುಲಿನ್ ಚುಚ್ಚಲು ಶುರು ಮಾಡಿದರು. ಮೊದಲ ರಾತ್ರಿ ನರ್ಸಮ್ಮ ತಟ್ಟೆ ತಂದಿಟ್ಟಾಗ ಕಮಲ ಹೌಹಾರಿದಳು. ತಟ್ಟೆಯಲ್ಲಿ ಅನ್ನ ಇತ್ತು.

"ಇವರಿಗೆ ರಾತ್ರಿ ಅನ್ನ ಆಗ್ಲಿಕ್ಕಿಲ್ಲ ಸಿಸ್ಟರ್! ಅನ್ನ ಬಿಟ್ಟು ಅರ್ಧ ವರ್ಷ ಆಯ್ತು!"

"ಇಷ್ಟು ಆಗ್ತದೆ" ಎಂದರು ಅವರು. "ಇಷ್ಟೇ."

ಅದು ಎಷ್ಟಿತ್ತೆಂದರೆ, ಅಮ್ಮ ಕಾಗೆಗೆ ಇಡುತ್ತಿದ್ದದ್ದು ಅದಕ್ಕಿಂತ ಹೆಚ್ಚು. ಪಕ್ಕದಲ್ಲಿ ಬಸಳೆ, ಬೇಯಿಸಿದ ಹೆಸರುಕಾಳು, ಒಂದು ತುಂಡು ಮೀನು, ನೀರುಮಜ್ಜಿಗೆ. ತಿಂದು ಮುಗಿಸಿದ ಮೇಲೂ ಊಟಕ್ಕೆ ಕೂತೇ ಇಲ್ಲ ಎನಿಸಿತು. ಹಸಿವೆಯಿಂದ ಹೊಟ್ಟೆ ಹಿಂಡುತ್ತಿತ್ತು. ಅನ್ನ ಬೇರೆ ಉಂಡಿದ್ದೇನೆ, ಬೆಳಿಗ್ಗೆ ಕಡುಕೆಂಪು ಬರುವುದು ಖಂಡಿತ ಎಂದುಕೊಂಡೆ. ಬಂದದ್ದು ಕಿತ್ತಳೆ. ಮರುದಿನ ಹಳದಿ. ಆಮೇಲೆ ಹಳದಿಯಲ್ಲಿ ಹಸಿರಿನ ಎಳೆ. ಕಮಲ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೀವೇ ಹೇಳಿ, ಇದು ಹಸಿರಲ್ವಾ? ಎಲೆಹಸಿರು?" ಎಂದಳು. ಮೂತ್ರದ ನಳಿಗೆಗೆ ಮೂಗು ಮುಚ್ಚುತ್ತಿದ್ದವಳು! ಎಲ್ಲ ಇಂಜೆಕ್ಷನ್ನಿನ ಮಹಿಮೆ ಎಂದುಕೊಂಡೆವು. ಸೋಮವಾರ ಕತ್ತಿ ಹಾಕುವ ಎಂದರು ಡಾಕ್ಟರು. ಎರಡು ಬೆರಳು ಹೋಗುವ ಸುದ್ದಿಗೆ ಇಷ್ಟು ಸಮಾಧಾನವಾಗಬಹುದೆಂದು ನನಗೆ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಹಸಿರು ಬಂದಿತ್ತು. ಮಧ್ಯಾಹ್ನ ಕಮಲ ಹೊರಗೆ ಔಷಧಿ ತರಲು ಹೋದಾಗ ಅಮ್ಮ ಬಂದಳು. ಒಬ್ಬಳೇ ಬಸ್ಸು ಹತ್ತಿ, ಕೇಳಿ ಕೇಳಿ ದಾರಿ ಹುಡುಕಿಕೊಂಡು ಬಂದಿದ್ದಳು. ನನ್ನ ಕೆನ್ನೆ ಮುಟ್ಟಿ ನೋಡಿ ಕಣ್ಣೀರು ಹಾಕಿದಳು.

"ಇವರು ಉಣ್ಣಲಿಕ್ಕೆ ಕೊಡುದಿಲ್ವಾ ಮಗಾ? ಮೂಳೆ ಕಾಣ್ತದೆ."

ಕೈಯಲ್ಲಿ ತೂಗಿಸಿಕೊಂಡು ತಂದಿದ್ದ ತೂಕುಪಾತ್ರೆಯ ಮುಚ್ಚಳ ತೆಗೆದಳು. ಒಳಗೆ ಮೂಡೆ. ಮುಂಡೇವಿನ ಓಲೆಯ ಕೊಳವೆಗಳಲ್ಲಿ ಬೇಯಿಸಿದ ಕಡುಬು, ಇನ್ನೂ ಬೆಚ್ಚಗಿತ್ತು. ಆ ಓಲೆಯ ಪರಿಮಳ ಮೂಗಿಗೆ ಬಂದದ್ದೇ ನನ್ನ ಕಣ್ಣೂ ತುಂಬಿತು.

"ಅಮ್ಮಾ, ಡಾಕ್ಟ್ರು ಬೈತಾರೆ."

"ಅನ್ನ ಅಲ್ವಲ್ಲ ಇದು! ಶನಿವಾರ, ನಾನು ಕೂಡ ಇದನ್ನೇ ತಿನ್ನುದು. ತಿನ್ನು. ಇನ್ನು ಸ್ವಲ್ಪ."

ತಿಂದೆ. ವಾರದಿಂದ ಹಸಿದವನು ತಿನ್ನುವ ಹಾಗೆ ತಿಂದೆ. ಅಮ್ಮನ ಮುಖ ಅರಳಿತು. ಓಲೆಗಳನ್ನು ಮಡಚಿ ಮಂಚದ ಕೆಳಗೆ ಇಟ್ಟಳು.

ಸಂಜೆ ನರ್ಸಮ್ಮ ನಳಿಗೆ ಕಾಯಿಸಿದರು. ನಾವು ಮೂವರೂ ನೋಡುತ್ತಿದ್ದೆವು, ಕಮಲ, ಅಮ್ಮ, ನಾನು. ಹಸಿರಿನಲ್ಲಿ ಅದು ನಿಲ್ಲಲಿಲ್ಲ. ಹಳದಿಯಲ್ಲೂ ನಿಲ್ಲಲಿಲ್ಲ. ಹಂಚಿನ ಕೆಂಪು. ನರ್ಸಮ್ಮ ನನ್ನನ್ನೊಮ್ಮೆ ನೋಡಿ, "ಸೋಮವಾರದ್ದು ಆಗ್ಲಿಕ್ಕಿಲ್ಲ. ಡಾಕ್ಟರಿಗೆ ಹೇಳ್ತೇನೆ" ಎಂದು ಹೊರಟರು. ಕಾಲು ಹೋಯಿತು ಎಂದೇ ತಿಳಿದೆ.

ಕಮಲ ಮಂಚದ ಕೆಳಗಿನ ಓಲೆಗಳನ್ನು ಕಂಡಿದ್ದಳು. ಒಂದನ್ನು ಎತ್ತಿ ಬಿಡಿಸಿ ಅಂಟಿದ್ದ ಚೂರನ್ನು ಬೆರಳಲ್ಲಿ ಉಜ್ಜಿ ನೋಡಿದಳು. ನಂತರ ಬಹಳ ಮೆಲ್ಲಗೆ ಕೇಳಿದಳು.

"ಅತ್ತೆ, ಇದಕ್ಕೆ ಎಷ್ಟು ಅಕ್ಕಿ ನೆನೆ ಹಾಕಿದಿರಿ?"

"ಎರಡು ಪಾವು. ಉದ್ದು ಬೇರೆ. ಯಾಕೆ?"

"ಇಲ್ಲಿ ಇವರಿಗೆ ದಿನಾ ಅನ್ನ ಕೊಟ್ಟರು. ಒಂದು ಹಿಡಿ. ಬಣ್ಣ ಇಳಿಯಿತು." ಅವಳು ಓಲೆಯನ್ನು ಕೆಳಗಿಟ್ಟಳು. "ಇವರು ಅನ್ನ ಉಣ್ಣುವಾಗ ರಾತ್ರಿ ಇವರ ಪಾಲಿಗೆ ಒಂದು ಪಾವು ಅಕ್ಕಿ ಹಾಕ್ತಿದ್ದೆ. ದೋಸೆಗೆ ಒಂದೂವರೆ ಪಾವು ನೆನೆ ಹಾಕಿದೆ. ದಿನಾ. ನನ್ನ ಕೈಯಿಂದಲೇ ಅಳೆದು ಹಾಕಿದೆ ಅತ್ತೆ. ಅಕ್ಕಿಯೇ ಅಲ್ವಾ ಅದು? ಅರೆದರೆ ಅದು ಅಕ್ಕಿ ಅಲ್ಲ ಅಂತ ಆಗ್ತದಾ?"

ಒಪ್ಪತ್ತಿಗೆ ಅನ್ನ ಬಿಡುವುದು ದೇವರಿಗಾಗಿ. ದೇವರು ಅಕ್ಕಿಯ ಲೆಕ್ಕ ಕೇಳುವವನಲ್ಲ. ಬಟ್ಟೆಯನ್ನು ಅಂಗಿ ಮಾಡಿದರೂ ಲಂಗ ಮಾಡಿದರೂ ಗಜ ಅಷ್ಟೇ ಎಂದು ತಿಳಿದ ನನಗಾದರೂ ಹೊಳೆಯಬಾರದಿತ್ತೇ? ಹೊಳೆಯಲಿಲ್ಲ. ಹುಟ್ಟಿದಂದಿನಿಂದ ಶನಿವಾರ ಹಾಗೆಯೇ ಇತ್ತು.

ಅಮ್ಮ ನೋವಿನಿಂದ ಸಿಡಿದಳು. "ಹಾಗಾದರೆ ನನ್ನ ಮಗನಿಗೆ ನಾನು ವಿಷ ತಂದೆ ಅಂತಲಾ?"

"ನೀವಲ್ಲ ಅತ್ತೆ. ನಾನು ಆರು ತಿಂಗಳು ಕೊಟ್ಟೆ" ಎಂದಳು ಕಮಲ.

ಅಮ್ಮ ಎದ್ದು ನಳಿಗೆಯ ಹತ್ತಿರ ಹೋದಳು. ಆ ಕೆಂಪನ್ನು ಬಗ್ಗಿ ನೋಡಿದಳು. ಆಮೇಲೆ, ಇಷ್ಟು ದಿನ ನೋಡದೆ ಇದ್ದ ನನ್ನ ಪಾದದ ಕಡೆ ತಿರುಗಿದಳು. "ನಿನ್ನ ಚಿಕ್ಕಪ್ಪನಿಗೂ ಕೊನೆಯವರೆಗೆ ನಾನೇ ಬಡಿಸಿದ್ದು" ಎಂದಳು. ತೂಕುಪಾತ್ರೆಯಲ್ಲಿ ಉಳಿದಿದ್ದ ಮೂಡೆಗಳನ್ನು ಹೊರಗೆ ಜಗಲಿಯಲ್ಲಿದ್ದ ರೋಗಿಗಳ ಕಡೆಯವರಿಗೆ ಹಂಚಿ, ಪಾತ್ರೆ ತೊಳೆದು, ಊರಿನ ಬಸ್ಸಿಗೆ ಹೋದಳು.

ಮರುದಿನ ಡಾಕ್ಟರಿಗೆ ಕಮಲ ಎಲ್ಲ ಹೇಳಿದಳು. ಬೈಯುತ್ತಾರೆಂದು ನಾನು ಗೋಡೆಯ ಕಡೆ ಮುಖ ಮಾಡಿದ್ದೆ. ಅವರು ಸ್ಟೂಲು ಎಳೆದು ಕೂತು, "ಶನಿವಾರ ನಮ್ಮ ಮನೆಯಲ್ಲೂ ದೋಸೆಯೇ ಅಮ್ಮಾ" ಎಂದರು. "ಇನ್ನು ಮುಂದೆ ಬೇಡ ಅನ್ನುವ ಮೊದಲು ಎಂತ ತಿಂತೀರಿ ಅಂತ ಕೇಳ್ತೇನೆ." ಆ ಮಾತಿಗೆ ಕಮಲ ಅತ್ತಳು, ಆಮೇಲೆ ನಕ್ಕಳು.

ಮತ್ತೆ ಕಿತ್ತಳೆ, ಮತ್ತೆ ಹಳದಿ. ಆ ಕೆಲವು ದಿನಗಳಷ್ಟು ಉದ್ದದ ದಿನಗಳನ್ನು ನಾನು ಮತ್ತೆ ಕಂಡಿಲ್ಲ. ಗಾಯ ಮೇಲಕ್ಕೆ ಹತ್ತುತ್ತಿದೆಯೇ ಎಂದು ಕಮಲ ಚಾಕ್‌ನಿಂದ ನನ್ನ ಪಾದದ ಮೇಲೆ ಗೆರೆ ಎಳೆದಿದ್ದಳು, ನಾನು ಬಟ್ಟೆಗೆ ಎಳೆಯುವ ಅದೇ ಸೀಮೆಸುಣ್ಣ. ಕಪ್ಪು ಆ ಗೆರೆಯನ್ನು ಮುಟ್ಟಿತು, ದಾಟಲಿಲ್ಲ. ಹಸಿರು ಬಂತು. ಎರಡು ಬೆರಳು ಹೋದವು. ಪಾದ ಉಳಿಯಿತು.

ಮನೆಗೆ ಬಂದ ದಿನ ಅಪ್ಪನ ಕಂಚಿನ ಬಟ್ಟಲು ಅಡುಗೆಮನೆಯಲ್ಲಿ ಕಾಣಲಿಲ್ಲ. ಅದರಲ್ಲಿ ಅಮ್ಮ ಮಕ್ಕಳಿಗೆ ಸ್ನಾನದ ಕಡಲೆಹಿಟ್ಟು ಕಲಸುತ್ತಿದ್ದಳು. ನನ್ನ ಎಲೆಗೆ ಕಮಲ ಒಂದು ತೆಂಗಿನ ಗೆರಟೆಯ ಸೌಟಿನಲ್ಲಿ ಅಳೆದು ಬಡಿಸತೊಡಗಿದಳು. ಅಮ್ಮ ಎದುರಿಗೆ ನಿಲ್ಲುತ್ತಿರಲಿಲ್ಲ, ನೋಡಲಾಗದೆ ಹಿತ್ತಲಿಗೆ ಹೋಗುತ್ತಿದ್ದಳು. 'ಇನ್ನು ಸ್ವಲ್ಪ' ಎನ್ನುವುದನ್ನು ನಿಲ್ಲಿಸಿದ್ದಳು, ಆದರೆ 'ಸಾಕು' ಎಂದು ಅವಳ ಬಾಯಿಂದ ಬಂದಿರಲಿಲ್ಲ. ನಾನು ಮತ್ತೆ ಮಿಷನ್ ತುಳಿಯುತ್ತಿದ್ದೆ, ದಪ್ಪ ಚರ್ಮದ ಚಪ್ಪಲಿ ಹಾಕಿಕೊಂಡು. ದಿನಾ ಸಂಜೆ ಹೊಳೆಯ ಬದಿಗೆ ನಡೆದು ಬರುತ್ತಿದ್ದೆ. ಆದರೂ ನಳಿಗೆ ಕಾಯಿಸುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಇಂದಿಗೂ ಹೊಡೆದುಕೊಳ್ಳುತ್ತದೆ, ಸುಳ್ಳು ಯಾಕೆ ಹೇಳಲಿ.

ಮರುವರ್ಷ ಮೂಡುಬಿದಿರೆಯಲ್ಲಿ ಕಮಲಳ ತಮ್ಮನ ಮದುವೆ. ನನಗೆ ಹೋಗಲು ಹೆದರಿಕೆ. ಮದುವೆ ಊಟದಲ್ಲಿ ಅಳಿಯನ ಎಲೆ ಎಂದರೆ ಕೇಳಬೇಕೇ? ಪಂಕ್ತಿಯಲ್ಲಿ ಬೇಡ ಎಂದಷ್ಟೂ ಬೀಳುತ್ತದೆ, ಬಿದ್ದದ್ದನ್ನು ಬಿಟ್ಟು ಏಳುವ ಹಾಗಿಲ್ಲ. ಎರಡು ಬೆರಳಿಲ್ಲದ ಪಾದವನ್ನು ಪಂಚೆಯೊಳಗೆ ಮುಚ್ಚಿಕೊಂಡು ಕೂತೆ. ಮೊದಲ ಸಲ ಬಡಿಸಿದ್ದು ಮುಗಿದಿತ್ತು. ಕಮಲಳ ದೊಡ್ಡಪ್ಪನ ಮಗ ಹೆಡಿಗೆ ತುಂಬ ಬಿಸಿ ಅನ್ನ ಹಿಡಿದು ಮತ್ತೆ ಬಂದ.

"ಭಾವ, ಎಂತ ಇಷ್ಟು ಇಳಿದದ್ದು ನೀವು? ಅಕ್ಕ ಉಣ್ಣಲಿಕ್ಕೆ ಹಾಕುದಿಲ್ವಾ?" ಎಂದು ನಗುತ್ತಾ ದೊಡ್ಡ ತಟ್ಟೆಯಲ್ಲಿ ಅನ್ನ ಬಾಚಿದ. ಪಂಕ್ತಿಯೆಲ್ಲ ನಕ್ಕಿತು. ನಾನು ಎಲೆಗೆ ಕೈ ಅಡ್ಡ ಹಿಡಿಯಲು ಹೊರಟೆ. ಅಷ್ಟರಲ್ಲಿ ನನ್ನ ಹೆಗಲ ಮೇಲಿಂದ ಎರಡು ಕೈಗಳು ಬಂದು ಎಲೆಯನ್ನು ಮುಚ್ಚಿದವು. ನರ ಎದ್ದ, ಸುಕ್ಕುಗಟ್ಟಿದ ಕೈಗಳು. ಅಮ್ಮ ಹೆಂಗಸರ ಪಂಕ್ತಿಯಿಂದ ಊಟ ಬಿಟ್ಟು ಎದ್ದು ಬಂದಿದ್ದಳು.

ಅವನಿಗೆ ಕೈ ತಡೆಯಲಾಗಲಿಲ್ಲ. ಹೊಗೆಯಾಡುವ ಅನ್ನ ಅವಳ ಕೈಗಳ ಮೇಲೆಯೇ ಬಿತ್ತು.

"ಅಯ್ಯೋ ಅಜ್ಜೀ, ಕೈ ತೆಗೀರಿ!"

ಅಮ್ಮ ತೆಗೆಯಲಿಲ್ಲ.

"ಸಾಕು ಅವನಿಗೆ" ಎಂದಳು. ಯಾರಿಗೂ ಕೇಳಿಸಲಿಲ್ಲವೇನೋ ಎಂಬಂತೆ ಇನ್ನೊಮ್ಮೆ, ಗಟ್ಟಿಯಾಗಿ, "ಸಾಕು."

ಆ ಹುಡುಗ ಮುಂದಿನ ಎಲೆಗೆ ಹೋದ ಮೇಲೆಯೇ ಅವಳು ಕೈ ಎತ್ತಿದ್ದು. ಕೈಗಳ ಮೇಲಿದ್ದ ಅನ್ನದಲ್ಲಿ ಒಂದು ಅಗುಳನ್ನೂ ನೆಲಕ್ಕೆ ಬೀಳಗೊಡದೆ, ಎರಡೂ ಕೈಗಳನ್ನು ಎದೆಯ ಹತ್ತಿರ ಸಮನಾಗಿ ಹಿಡಿದುಕೊಂಡು, ಊದುತ್ತಾ, ಹೆಂಗಸರ ಪಂಕ್ತಿಗೆ ನಡೆದು ಹೋಗಿ, ಅದನ್ನು ತನ್ನ ಎಲೆಗೆ ಹಾಕಿಕೊಂಡಳು.